60 ರೂಪಾಯಿಗೆ ಸಿಕ್ಕ ಕೊಲೆ: 'ಗಾಸ್ಫರ್ಡ್ ಪಾರ್ಕ್' ಡಿವಿಡಿ

ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ನಾನು ಹೋಗಿದ್ದು ಕುಕ್ಕರ್ ಹಿಡಿ ಹುಡುಕಿಕೊಂಡು. ಹಿಡಿ ಸಿಗಲಿಲ್ಲ. ಟಾರ್ಪಾಲಿನ ಮೇಲೆ ಹಳೇ ಚಾರ್ಜರ್, ರಿಮೋಟ್, ಒಂಟಿ ಸ್ಪೀಕರುಗಳ ನಡುವೆ ಈ ಡಿವಿಡಿ ಬಿದ್ದಿತ್ತು. ಹುಡುಗ 100 ಅಂದ. ನಾನು 40 ಅಂದೆ. "ಅಕ್ಕಾ, ಒರಿಜಿನಲ್ ಅಕ್ಕಾ" ಅಂತ ಡಿಸ್ಕ್ ತೆಗೆದು ಬಿಸಿಲಿಗೆ ಹಿಡಿದು ತೋರಿಸಿದ. ಗೀರುಗಳು ಅವನಿಗೂ ಕಂಡವು, ನನಗೂ ಕಂಡವು. 60ಕ್ಕೆ ಮುಗಿಯಿತು.

ನನಗೆ ಹನುಮಂತನಗರದಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಹಗಲೆಲ್ಲ ಬಾಡಿಗೆ ಕರಾರು, ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ರಾತ್ರಿ ಕೊಲೆ ಬೇಕು. ಓದುವುದಾಗಲಿ ನೋಡುವುದಾಗಲಿ, ಅದರಲ್ಲೊಂದು ಹೆಣ ಇದ್ದರೆ ನನಗೆ ಸಮಾಧಾನ. ಅದೂ ಇಂಗ್ಲೆಂಡಿನ ದೊಡ್ಡ ಬಂಗಲೆ, ಮಳೆ, ಬೆಳ್ಳಿ ತಟ್ಟೆ, ಲೈಬ್ರರಿಯಲ್ಲಿ ಸತ್ತು ಬಿದ್ದ ಯಜಮಾನ ಇದ್ದರಂತೂ ಮುಗಿದೇ ಹೋಯಿತು. ಈ ಚಟ ಹೇಗೆ ಹತ್ತಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಡಿಸ್ಕಿನ ಸಮಾಚಾರ. ಡಬ್ಬಿಯ ಹಿಂದೆ ಭೂಗೋಳದ ಚಿತ್ರದೊಳಗೆ 2 ಅಂತ ಅಂಕಿ ಇತ್ತು. ಅಂದರೆ ಯೂರೋಪಿಗೆ ಅಂತ ಮಾಡಿದ್ದು. ನಮ್ಮ ದೇಶದ ಅಂಕಿ 5. ಕೆಲವು ಪ್ಲೇಯರುಗಳು ಇದನ್ನು ಮುಟ್ಟುವುದೇ ಇಲ್ಲ, ತಗೊಳ್ಳುವ ಮುಂಚೆ ನೋಡಿಕೊಳ್ಳಿ. ನನ್ನದು ಎಲ್ಲ ತಿನ್ನುವ ಜಾತಿಯ ಹಳೇ ಪ್ಲೇಯರ್. ಟ್ರೇ ಹೊರಗೆ ಬರಬೇಕಾದರೆ ಮೇಲೆ ಒಂದು ಏಟು ಹಾಕಬೇಕು, ಅಷ್ಟೇ. ಮೊದಲ ದಿನ ಕೊನೆಯ ಭಾಗದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಪಾತ್ರೆ ಸೋಪಿನ ನೀರಲ್ಲಿ ತೊಳೆದು, ಅಪ್ಪನ ಹಳೇ ಪಂಚೆಯ ತುಂಡಿನಿಂದ ಒರೆಸಿದೆ. ಸುತ್ತಿ ಸುತ್ತಿ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಆಮೇಲೆ ತಕರಾರಿಲ್ಲದೆ ಓಡಿತು.

ಈಗ ಸಿನಿಮಾ. 2001ರದ್ದು, 137 ನಿಮಿಷ. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್, ಅಮೆರಿಕದವರು. ಚಿತ್ರಕತೆ ಇಂಗ್ಲೆಂಡಿನ ಜೂಲಿಯನ್ ಫೆಲೋಸ್ ಅವರದ್ದು. ಆಸ್ಕರಿಗೆ 7 ವಿಭಾಗಗಳಲ್ಲಿ ಹೆಸರು ಹೋಗಿತ್ತು, ಕೈಗೆ ಬಂದಿದ್ದು ಚಿತ್ರಕತೆಯ ಒಂದೇ ಒಂದು. ಸಿನಿಮಾ ಮಾಡುವಾಗ ಆಲ್ಟ್‌ಮನ್‌ಗೆ 76 ವರ್ಷ. ಅರ್ಧದಲ್ಲಿ ಏನಾದರೂ ಆದರೆ ಅಂತ ಸ್ಟೀಫನ್ ಫ್ರಿಯರ್ಸ್ ಅನ್ನುವ ಇನ್ನೊಬ್ಬ ನಿರ್ದೇಶಕರನ್ನು ಬದಲಿಗೆ ಇಟ್ಟುಕೊಂಡಿದ್ದರು. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮನಿಗೂ ಈಗ 76. "ನನ್ನ ಜಾಗಕ್ಕೆ ಯಾರನ್ನ ಗೊತ್ತು ಮಾಡಿದ್ದೀಯ?" ಅಂದಳು.

ಅಮ್ಮನ ಜೊತೆ ಕೂತು ನೋಡಿದ್ದು ನನ್ನ ಪ್ಲಾನ್ ಅಲ್ಲ. ಅವರೆಕಾಯಿ ಕಾಲ. ಗಾಂಧಿ ಬಜಾರಿನಿಂದ 3 ಕೆಜಿ ತಂದಿದ್ದೆ. ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಮ್ಮ ಹಿತುಕುತ್ತಾ ಕೂತಿದ್ದಳು. ಟಿವಿ ಅದೇ ರೂಮಿನಲ್ಲಿ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಡಿಸ್ಕಿನಲ್ಲಿ ಕನ್ನಡದ ಸಬ್‌ಟೈಟಲ್ ಇಲ್ಲ. ಹಾಗಾಗಿ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯಿತು. 137 ನಿಮಿಷದ ಸಿನಿಮಾ ಮೂರು ರಾತ್ರಿ ಹಿಡಿಯಿತು.

ಕತೆ ಇಷ್ಟು. 1932ರ ನವೆಂಬರ್. ಸರ್ ವಿಲಿಯಂ ಮೆಕಾರ್ಡಲ್ ಅನ್ನುವವನ ಹಳ್ಳಿಗಾಡಿನ ಬಂಗಲೆಗೆ ಬೇಟೆಯ ನೆಪದಲ್ಲಿ ನೆಂಟರಿಷ್ಟರು ಬಂದಿಳಿಯುತ್ತಾರೆ. ಅವರ ಜೊತೆ ಅವರ ಆಳುಗಳು. ಯಜಮಾನನ ಬಟ್ಟೆ, ಬೂಟು ನೋಡಿಕೊಳ್ಳುವ ವ್ಯಾಲೆ. ಯಜಮಾನತಿಯ ಜಡೆ, ಒಡವೆ ನೋಡಿಕೊಳ್ಳುವ ಮೇಡ್. ಮೇಲಿನ ಅಂತಸ್ತಿನಲ್ಲಿ ದೊಡ್ಡವರು. ನೆಲಮಾಳಿಗೆಯಲ್ಲಿ ಅಡುಗೆಮನೆ, ಇಸ್ತ್ರಿ ಕೋಣೆ, ಬೆಳ್ಳಿ ತಿಕ್ಕುವ ಕೋಣೆ, ಕೆಲಸದವರು. ಶನಿವಾರ ರಾತ್ರಿ ಯಜಮಾನನ ಕೊಲೆಯಾಗುತ್ತದೆ. ಯಾರು ಮಾಡಿದ್ದು ಅಂತ ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಈ ಸಿನಿಮಾಕ್ಕೂ ಅದು ಅಷ್ಟೇನೂ ಮುಖ್ಯವಲ್ಲ. ಕೊಲೆ ಆಗುವುದೇ ಅರ್ಧ ಸಿನಿಮಾ ದಾಟಿದ ಮೇಲೆ.

ಮೊದಲ ದೃಶ್ಯದಲ್ಲೇ ಅಮ್ಮನ ಕೈ ನಿಂತಿತು. ಜೋರು ಮಳೆ. ಮುದುಕಿ ಕೌಂಟೆಸ್ ಮನೆಯಿಂದ ಹೊರಬಂದು ಕಾರು ಹತ್ತುತ್ತಾಳೆ. ಮ್ಯಾಗಿ ಸ್ಮಿತ್ ಆ ಪಾತ್ರ ಮಾಡಿದ್ದಾರೆ. ಛತ್ರಿ ಕೌಂಟೆಸ್‌ಗೆ. ಮಳೆ, ಬಾಗಿಲ ಬಳಿ ಕಾದು ನಿಂತ ಅವಳ ಮೇಡ್ ಮೇರಿಗೆ. ಕಾರು ಹೊರಟು ಸ್ವಲ್ಪ ದೂರ ಹೋದ ಮೇಲೆ ಕೌಂಟೆಸ್‌ಗೆ ಥರ್ಮಾಸ್ ಮುಚ್ಚಳ ತೆಗೆಯಲು ಬರುವುದಿಲ್ಲ. ಕಾರು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿದ್ದ ಮೇರಿ ಮತ್ತೆ ಮಳೆಯಲ್ಲಿ ಇಳಿದು, ಹಿಂದಕ್ಕೆ ಬಂದು, ನೆನೆಯುತ್ತಾ ನಿಂತು ಮುಚ್ಚಳ ತೆಗೆದು ಕೊಡುತ್ತಾಳೆ.

"ಒಳಗಿಂದ ಕೊಟ್ಟಿದ್ರೆ ಒಳಗೇ ತೆಗೀತಿದ್ಳಲ್ಲ?" ಅಂದಳು ಅಮ್ಮ.

ನಡುವೆ ಗಾಜಿದೆ ಅಂದೆ.

"ಓ, ಗಾಜು" ಅಂದು ಮತ್ತೆ ಕಾಳು ಹಿತುಕತೊಡಗಿದಳು.

ನನ್ನ ಅಮ್ಮ ಬಸವನಗುಡಿಯ ಒಂದು ದೊಡ್ಡ ಮನೆಯಲ್ಲಿ 26 ವರ್ಷ ಅಡುಗೆ ಮಾಡಿದವಳು. ಯಜಮಾನರು ಡಾಕ್ಟರು. ಮುಂದೆ ಕಲ್ಲಿನ ಕಂಬದ ಜಗಲಿ, ಹಿಂದೆ ಸಂಪಿಗೆ ಮರ, ಬಾವಿ. ನಾವು ಬರುವುದು ಹೋಗುವುದು ಹಿತ್ತಲ ಬಾಗಿಲಿನಿಂದ. ಸ್ಕೂಲು ಬಿಟ್ಟ ಮೇಲೆ ನಾನು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಅಮ್ಮಾವ್ರು ಒಳ್ಳೆಯವರು. ತಾವು ಓದಿ ಮುಗಿಸಿದ ಇಂಗ್ಲಿಷ್ ಪತ್ತೇದಾರಿ ಪುಸ್ತಕಗಳನ್ನು ನನಗೆ ಕೊಡುತ್ತಿದ್ದರು. ನನ್ನ ಇಂಗ್ಲಿಷ್ ಎಲ್ಲ ಅಲ್ಲಿಂದ ಬಂದಿದ್ದು. ವಿಷದ ಹೆಸರುಗಳು ನನಗೆ ತರಕಾರಿ ಹೆಸರಿಗಿಂತ ಮೊದಲು ಗೊತ್ತಾದವು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದೆ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಅವರು ನೂರಾರು ಕಾದಂಬರಿ ಬರೆದರು. ಅದರಲ್ಲಿನ ಬೀದಿಗಳು ನಮ್ಮವೇ. ಆದರೆ ಬಂಗಲೆ, ಅಲ್ಲಿನ ಆಳುಗಳಿಗೆಲ್ಲ ಹಿರಿಯನಾದ ಬಟ್ಲರ್ ಬೇಕೆಂದರೆ ಅಮ್ಮಾವ್ರ ಕಪಾಟೇ ಗತಿ. ಬಟ್ಲರ್ ಅನ್ನುವ ಪದ ನಮಗೆ ಗೊತ್ತಿದ್ದದ್ದು ಬಟ್ಲರ್ ಇಂಗ್ಲಿಷ್ ಅಂತ ಆಡಿಕೊಳ್ಳುವುದಕ್ಕೆ ಮಾತ್ರ.

ಆ ಪುಸ್ತಕಗಳಲ್ಲಿ ಕೆಲಸದವರು ಏನು ಮಾಡುತ್ತಾರೆ ಹೇಳಿ? ಹೆಣ ನೋಡಿ ಕಿರುಚುತ್ತಾರೆ. ಟ್ರೇ ಬೀಳಿಸುತ್ತಾರೆ. "ಹತ್ತೂಕಾಲಿಗೆ ಕಾಫಿ ಕೊಟ್ಟೆ ಸಾರ್" ಅಂತ ಸಾಕ್ಷಿ ಹೇಳಿ ಅಡುಗೆಮನೆಗೆ ವಾಪಸ್ ಹೋಗುತ್ತಾರೆ. ಪುಟ ತಿರುಗಿಸಿದರೆ ಅವರಿಲ್ಲ. ಆ ವಯಸ್ಸಿನಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ನಾನು ಯಾವಾಗಲೂ ಡ್ರಾಯಿಂಗ್ ರೂಮಿನಲ್ಲಿ ಪತ್ತೇದಾರರ ಪಕ್ಕದಲ್ಲಿ ಕೂತಿರುತ್ತಿದ್ದೆ. ಹಿಂದಿನ ಮೆಟ್ಟಿಲ ಮೇಲೆ ಕೂತೇ!

'ಗಾಸ್ಫರ್ಡ್ ಪಾರ್ಕ್' ಅದೇ ಬಂಗಲೆಯನ್ನು ಅಡುಗೆಮನೆ ಕಡೆಯಿಂದ ತೋರಿಸುತ್ತದೆ. ಕೆಲಸದವರಿಲ್ಲದೆ ಮೇಲಂತಸ್ತಿನ ಒಂದು ದೃಶ್ಯವೂ ಇರಬಾರದು ಅಂತ ಆಲ್ಟ್‌ಮನ್ ನಿಯಮ ಹಾಕಿಕೊಂಡಿದ್ದರಂತೆ. ಇದು ಗೊತ್ತಾದ ಮೇಲೆ ನಾನು ಹಟಕ್ಕೆ ಬಿದ್ದು ಹುಡುಕುತ್ತಾ ಹೋದೆ. ಗಂಡ ಹೆಂಡತಿ ದುಡ್ಡಿನ ವಿಷಯಕ್ಕೆ ಕಚ್ಚಾಡುತ್ತಿದ್ದರೆ ಮೂಲೆಯಲ್ಲಿ ಒಬ್ಬ ಬಟ್ಟೆ ಮಡಿಸುತ್ತಿರುತ್ತಾನೆ. ಗುಟ್ಟಿನ ಮಾತು ನಡೆಯುವಾಗ ಬಾಗಿಲಲ್ಲಿ ಟ್ರೇ ಹಿಡಿದ ಒಂದು ಕೈ. ದೊಡ್ಡವರು ಯಾರೂ ದನಿ ಇಳಿಸುವುದಿಲ್ಲ. ಗೋಡೆಯ ಮುಂದೆ ಯಾರಾದರೂ ದನಿ ಇಳಿಸುತ್ತಾರಾ?

ನೆಲಮಾಳಿಗೆಯಲ್ಲಿ ಒಂದು ಪದ್ಧತಿ ಇದೆ. ಹೊರಗಿನಿಂದ ಬಂದ ಆಳುಗಳನ್ನು ಅವರ ಹೆಸರಿನಿಂದ ಕರೆಯುವುದಿಲ್ಲ, ಯಜಮಾನರ ಹೆಸರಿನಿಂದ ಕರೆಯುತ್ತಾರೆ. ಗೊಂದಲ ಆಗಬಾರದು ಅಂತ. ಕೌಂಟೆಸ್ ಟ್ರೆಂಥಮ್ ಜೊತೆ ಬಂದ ಮೇರಿ ಅಲ್ಲಿ 'ಮಿಸ್ ಟ್ರೆಂಥಮ್'. ಲಾರ್ಡ್ ಸ್ಟಾಕ್‌ಬ್ರಿಡ್ಜ್ ಜೊತೆ ಬಂದ ರಾಬರ್ಟ್ ಪಾರ್ಕ್ಸ್ 'ಮಿಸ್ಟರ್ ಸ್ಟಾಕ್‌ಬ್ರಿಡ್ಜ್'. ಊಟಕ್ಕೆ ಕೂರುವುದೂ ಹಾಗೇ. ಮೇಲೆ ಯಾರ ಯಜಮಾನರು ದೊಡ್ಡವರೋ ಕೆಳಗೆ ಅವರ ಆಳಿಗೆ ಮೇಲಿನ ಜಾಗ.

ಇದನ್ನು ಅಮ್ಮನಿಗೆ ವಿವರಿಸಲು ಸಿನಿಮಾ ನಿಲ್ಲಿಸಿದೆ. ಅವಳು ಮುಖ ಎತ್ತಲಿಲ್ಲ.

"ಅದ್ರಲ್ಲೇನಿದೆ? ನನ್ನನ್ನ ಶೆಟ್ಟರ ಅಂಗಡೀಲಿ ಏನಂತ ಕರೀತಿದ್ರು?"

ಡಾಕ್ಟರ ಮನೆ ಅಡುಗೆಯವರು. ಸಾಲದ ಪುಸ್ತಕದಲ್ಲೂ ಹಾಗೇ ಬರೆದಿದ್ದರು, ನಮ್ಮ ಸ್ವಂತ ಮನೆಯ ಸಾಮಾನಿಗೂ. ನಾನು ಡಾಕ್ಟರ ಮನೆ ಅಡುಗೆಯವರ ಮಗಳು. ಗಾಂಧಿ ಬಜಾರಿನ ಹೂವಿನವಳು ಅಮ್ಮನಿಗೆ ಒಂದು ಮೊಳ ಜಾಸ್ತಿ ಕೊಡುತ್ತಿದ್ದಳು, ಪಕ್ಕದ ಮನೆಯ ಅಡುಗೆಯವರಿಗೆ ಕೊಡುತ್ತಿರಲಿಲ್ಲ. ಆ ಮನೆಯ ಯಜಮಾನರು ಬರೀ ಗುಮಾಸ್ತರು.

ಅಡುಗೆಮನೆಯ ದೃಶ್ಯಗಳೆಲ್ಲ ಅಮ್ಮನಿಗೆ ಸಲೀಸಾಗಿ ಅರ್ಥವಾದವು, ನಾನು ಬಾಯಿ ಬಿಡಬೇಕಾಗಲಿಲ್ಲ. ಅಡುಗೆಯವಳು ಮಿಸೆಸ್ ಕ್ರಾಫ್ಟ್. ಬೀಗದ ಕೈ ಇಟ್ಟುಕೊಂಡು ಮನೆ ಆಳುವವಳು ಮಿಸೆಸ್ ವಿಲ್ಸನ್, ಹೆಲೆನ್ ಮಿರೆನ್ ಮಾಡಿರುವ ಪಾತ್ರ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಕಾರಣ ಕೊನೆಯಲ್ಲಿ ಬರುತ್ತದೆ. ಅಮ್ಮನಿಗೆ ಕಾರಣ ಬೇಕಾಗಿರಲಿಲ್ಲ. "ಉಗ್ರಾಣದ ಬೀಗ ಒಬ್ಬರ ಸೊಂಟದಲ್ಲಿ, ಒಲೆ ಇನ್ನೊಬ್ಬರ ಕೈಲಿ. ಎಲ್ಲಿ ಆಗುತ್ತೆ?" ಅಂದಳು. ಅಮೆರಿಕದಿಂದ ಬಂದ ಸಿನಿಮಾ ನಿರ್ಮಾಪಕನೊಬ್ಬ ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾಗಿ ಅಡುಗೆಮನೆಯಲ್ಲಿ ತಳಮಳ ಆಗುತ್ತದೆ. ಅದಕ್ಕೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೀನು ಮಾತ್ರ ತಿನ್ನುತ್ತಾನಂತೆ ಅಂದಾಗ ನಗು ನಿಂತಿತು.

ಇನ್ನೊಂದು ಕಡೆ ಚಪ್ಪಾಳೆಯನ್ನೇ ಹೊಡೆದಳು. ಆ ನಿರ್ಮಾಪಕನ ವ್ಯಾಲೆ ಅಂತ ಹೇಳಿಕೊಂಡು ಒಬ್ಬ ಯುವಕ ಕೆಳಗೆ ಸೇರಿಕೊಂಡಿರುತ್ತಾನೆ. ನಿಜವಾಗಿ ಅವನು ನಟ. ಪಾತ್ರಕ್ಕಾಗಿ ಆಳುಗಳ ಬದುಕು ನೋಡಲು ಬಂದವನು. ಗುಟ್ಟು ರಟ್ಟಾದ ಮೇಲೆ ಮೇಲೆ ಹೋಗಿ ದೊಡ್ಡವರ ಜೊತೆ ಕೂರುತ್ತಾನೆ. ಆಗ ಕಾಫಿ ತಂದ ಫುಟ್‌ಮನ್ ಬಿಸಿ ಕಾಫಿಯನ್ನು ಅವನ ತೊಡೆಯ ಮೇಲೆ ಚೆಲ್ಲುತ್ತಾನೆ. ಬಾಯಲ್ಲಿ ಕ್ಷಮಾಪಣೆ, ಮುಖದಲ್ಲಿ ಪರಮ ಸುಖ.

ಕೊಲೆ ಆದ ಮೇಲೆ ಇನ್ಸ್‌ಪೆಕ್ಟರ್ ಬರುತ್ತಾನೆ. ಅವನ ಜೊತೆ ಬಂದ ಪೇದೆ ಒಂದೊಂದೇ ಸುಳಿವು ಹುಡುಕಿ ಹೇಳುತ್ತಾನೆ, ಇವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೆಲಸದವರ ವಿಚಾರಣೆ ಬೇಡ, ಸತ್ತವನ ಜೊತೆ ನಿಜವಾದ ಸಂಬಂಧ ಇದ್ದವರು ಸಾಕು ಅನ್ನುವ ಅರ್ಥದ ಒಂದು ಮಾತು ಹೇಳುತ್ತಾನೆ. ಅವನ ಹಾಸಿಗೆ ಹಾಕಿದವರು, ಊಟ ಬಡಿಸಿದವರು, ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡವರಿಗೆ ಸಂಬಂಧ ಇಲ್ಲ!

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಪಾತ್ರೆ ಪಕ್ಕಕ್ಕೆ ಸರಿಸಿ ಕೈ ಒರೆಸಿಕೊಂಡಳು. "ಆ ಉದ್ಧರಣೆ ನೆನಪಿದೆಯಾ?" ಅಂದಳು.

ನೆನಪಿಲ್ಲದೆ ಏನು. 1989ರ ಶ್ರಾವಣ, ನನಗೆ 12 ವರ್ಷ. ಡಾಕ್ಟರ ದೇವರ ಮನೆಯಿಂದ ಬೆಳ್ಳಿ ಉದ್ಧರಣೆ ಕಾಣೆಯಾಯಿತು. ಅಮ್ಮಾವ್ರು ಅಡುಗೆಮನೆಗೆ ಬಂದು ಮೆಲ್ಲಗೆ, "ನೀನೇನಾದ್ರೂ ಎತ್ತಿಟ್ಟಿದ್ದೀಯಾ?" ಅಂದರು. ಎತ್ತಿಡುವುದಕ್ಕೆ ಎರಡು ಅರ್ಥ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಸಂಜೆ ಹೊರಡುವಾಗ ಅಮ್ಮನ ವೈರ್ ಬುಟ್ಟಿ ಬಗ್ಗಿಸಿ ನೋಡಿದರು. ಒಳಗಿದ್ದದ್ದು ಬಾಳೆಲೆಯಲ್ಲಿ ಕಟ್ಟಿದ್ದ ನಾಲ್ಕು ಕಡುಬು, ನನ್ನ ಪೆನ್ಸಿಲ್ ಶಾರ್ಪನರ್. ಕಡುಬು ಅವರೇ ಕೊಟ್ಟಿದ್ದು. ಮೂರು ದಿನ ಆದ ಮೇಲೆ ಉದ್ಧರಣೆ ಪಂಚಪಾತ್ರೆಯ ಪಕ್ಕದಲ್ಲೇ ಕಾಣಿಸಿತು. ನನಗೆ ಗೊತ್ತಿದ್ದದ್ದು ಇಷ್ಟೇ.

ಈಗ, ಇಷ್ಟು ವರ್ಷದ ಮೇಲೆ, ಬ್ರಿಟಿಷ್ ಸಿನಿಮಾ ನಿಲ್ಲಿಸಿಕೊಂಡು ಅಮ್ಮ ಉಳಿದದ್ದು ಹೇಳಿದಳು. ಅವತ್ತು ಪೂಜೆಯ ನಡುವೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಡಾಕ್ಟರು ಗಡಿಬಿಡಿಯಲ್ಲಿ ತಟ್ಟೆಯ ನಿರ್ಮಾಲ್ಯವನ್ನೆಲ್ಲ ತಾವೇ ಒಯ್ದು ಸಂಪಿಗೆ ಮರದ ಬುಡಕ್ಕೆ ಸುರಿದರು. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದ್ದಳು. ಹೂವಿನ ಜೊತೆ ಏನೋ ಹೊಳೆದ ಹಾಗಾಗಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎತ್ತಿಟ್ಟಿದ್ದೀಯಾ ಅಂತ ಕೇಳಿದ್ರು ಕಣೇ. ಎಲ್ಲಾದ್ರೂ ನೋಡಿದ್ಯಾ ಅಂತ ಕೇಳಿದ್ರೆ ಹೇಳ್ತಿದ್ದೆ."

ಮೂರನೇ ದಿನ ಅವಳೇ ಹೋಗಿ ಬಾಡಿದ ಹೂವು ಕೆದಕಿ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ಮುಂದೆ ಇಟ್ಟಿದ್ದಳು. ಅಮ್ಮಾವ್ರು "ಸದ್ಯ, ಸಿಕ್ತಲ್ಲ" ಅಂದರಂತೆ. ಹೇಗೆ ಸಿಕ್ಕಿತು ಅಂತ ಆ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಅವತ್ತು ರಾತ್ರಿ ಸಿನಿಮಾ ಮುಂದುವರಿಯಲಿಲ್ಲ. ನಾನು ಮಲಗಿಕೊಂಡು ಯೋಚನೆ ಮಾಡಿದೆ. ಎಸ್.ಎಸ್. ವ್ಯಾನ್ ಡೈನ್ ಅನ್ನುವ ಅಮೆರಿಕದ ಪತ್ತೇದಾರಿ ಲೇಖಕ 1928ರಲ್ಲಿ ಈ ಜಾತಿಯ ಕತೆಗಳಿಗೆ 20 ನಿಯಮ ಬರೆದಿದ್ದ. ಅದರಲ್ಲೊಂದು, ಮನೆಯ ಆಳನ್ನು ಕೊಲೆಗಾರ ಮಾಡಬಾರದು ಅಂತ. ಅದು ತೀರಾ ಸುಲಭದ ಪರಿಹಾರವಂತೆ. ಕೊಲೆಗಾರ ಅಂದರೆ ಒಂದು ಯೋಗ್ಯತೆ ಇರುವ ವ್ಯಕ್ತಿ ಆಗಿರಬೇಕಂತೆ. ಅಂದರೆ ಲೆಕ್ಕ ಹೀಗಾಯಿತು. ಚಮಚ ಕಳೆದರೆ ಮೊದಲ ಅನುಮಾನ ನಮ್ಮ ಮೇಲೆ. ಕೊಲೆ ಆದರೆ ನಮ್ಮ ಮೇಲೆ ಅನುಮಾನ ಪಡುವುದಕ್ಕೂ ಆಗದು. ಅಷ್ಟು ದೊಡ್ಡ ಕೆಲಸಕ್ಕೆ ನಾವು ಸಾಲುವುದಿಲ್ಲ! ಈ ಸಿನಿಮಾ ಆ ನಿಯಮವನ್ನು ಏನು ಮಾಡುತ್ತದೆ ಅಂತ ನೀವೇ ನೋಡಿ.

ಮೇಲಿನವರೂ ಸುಖವಾಗೇನೂ ಇಲ್ಲ. ಇದು ಸಿನಿಮಾದ ಜಾಣತನ. ಕೌಂಟೆಸ್‌ಗೆ ಸರ್ ವಿಲಿಯಂ ಕೊಡುವ ಭತ್ಯೆಯೇ ಆಧಾರ, ಅದು ನಿಂತುಹೋಗುತ್ತದೋ ಅನ್ನುವ ಹೆದರಿಕೆ. ಹೆಂಡತಿ ಕಡೆಯ ನೆಂಟರ ಕಣ್ಣೆಲ್ಲ ಅವನ ಜೇಬಿನ ಮೇಲೆ. ಅವನ ದುಡ್ಡು ಬಂದಿದ್ದು ಕಾರ್ಖಾನೆಗಳಿಂದ. ಆ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಹೆಣ್ಣುಮಕ್ಕಳಿಗೆ ಏನಾಯಿತು ಅನ್ನುವುದೇ ಕತೆಯ ಬೇರು. ಆ ಕಾಲದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಮನೆಗೆಲಸದಲ್ಲಿದ್ದ ಹೆಂಗಸರು ಸುಮಾರು 13 ಲಕ್ಷ, 1931ರ ಜನಗಣತಿಯ ಪ್ರಕಾರ. ಅಷ್ಟು ಜನರ ಮೇಲೆ ಆ ದೊಡ್ಡಸ್ತಿಕೆ ನಿಂತಿತ್ತು.

ಊಟದ ಮೇಜಿನ ಒಂದು ದೃಶ್ಯ ಇದೆ. ಎಲ್ಲರೂ ಯಜಮಾನನನ್ನು ಚುಚ್ಚಿ ಮಾತಾಡುತ್ತಿರುವಾಗ, ಬಡಿಸುತ್ತಿದ್ದ ಎಲ್ಸಿ ಅನ್ನುವ ಮೇಡ್ ತಡೆಯಲಾರದೆ ಅವನ ಪರವಾಗಿ ಬಾಯಿ ಬಿಡುತ್ತಾಳೆ. ಒಂದೇ ಮಾತು. ಚಮಚಗಳ ಸದ್ದು ನಿಲ್ಲುತ್ತದೆ. ಅವಳ ಕೆಲಸ ಹೋಯಿತು ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು. ಅಮ್ಮ ಆ ಕ್ಷಣ "ಅಯ್ಯೋ, ಸುಮ್ನಿರಬಾರ್ದಿತ್ತಾ" ಅಂದಳು. ಟಿವಿಗೆ ಹೇಳಿದ್ದು.

ಆದರೆ ನನ್ನ ಮಟ್ಟಿಗೆ ಇಡೀ ಸಿನಿಮಾದ ಜೀವ ಹಾಡಿನ ದೃಶ್ಯ. ಅತಿಥಿಗಳಲ್ಲಿ ಐವರ್ ನೊವೆಲ್ಲೊ ಅನ್ನುವವನಿದ್ದಾನೆ. ಇವನು ಕಟ್ಟುಕತೆಯ ಪಾತ್ರವಲ್ಲ, ಆ ಕಾಲದ ನಿಜವಾದ ಸ್ಟಾರ್ ನಟ, ಸಂಗೀತಗಾರ. ಜೆರೆಮಿ ನಾರ್ದಮ್ ಆ ಪಾತ್ರ ಮಾಡಿದ್ದಾರೆ, ತಾವೇ ಹಾಡಿದ್ದಾರೆ. ರಾತ್ರಿ ಊಟವಾದ ಮೇಲೆ ಅವನು ಪಿಯಾನೋ ಮುಂದೆ ಕೂತು ಹಾಡುತ್ತಾನೆ. ದೊಡ್ಡವರು ಇಸ್ಪೀಟು ಆಡುತ್ತಾರೆ, ಆಕಳಿಸುತ್ತಾರೆ. ಯಾರೋ ಚಪ್ಪಾಳೆ ತಟ್ಟಿದರೆ ಕೌಂಟೆಸ್, ಅವನಿಗೆ ಉತ್ತೇಜನ ಕೊಡಬೇಡಿ ಅನ್ನುತ್ತಾಳೆ. ಅದೇ ಹೊತ್ತಿಗೆ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಕತ್ತಲಲ್ಲಿ ಕೆಲಸದವರೆಲ್ಲ ಬಂದು ಸೇರಿದ್ದಾರೆ. ಒಬ್ಬಳು ಗೋಡೆಗೆ ತಲೆ ಆನಿಸಿದ್ದಾಳೆ. ಇಬ್ಬರು ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಸ್ಟಾರ್ ಹಾಡುತ್ತಿದ್ದಾನೆ, ಅದೂ ಬಿಟ್ಟಿಯಾಗಿ. ಮುಖದ ಮೇಲೆ ಬಾಗಿಲ ಸಂದಿನ ಬೆಳಕು. ಮನೆಯ ಇನ್ನೊಂದು ಮೂಲೆಯಲ್ಲಿ ಅದೇ ಹೊತ್ತಿಗೆ ಕೊಲೆ.

ಡಾಕ್ಟರ ಮನೆಯಲ್ಲಿ ಪ್ರತಿ ರಾಮನವಮಿಗೆ ಹಾಲ್‌ನಲ್ಲಿ ಕಚೇರಿ ಇರುತ್ತಿತ್ತು. ಒಳ್ಳೊಳ್ಳೆಯ ವಿದ್ವಾಂಸರು ಬರುತ್ತಿದ್ದರು. ಅಮ್ಮ ಕೇಳಿದ್ದೆಲ್ಲ ಅಡುಗೆಮನೆಯಿಂದ, ಐವತ್ತು ಜನರ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ. ತನಿ ಆವರ್ತನ ಶುರುವಾದರೆ ಪಾನಕ ಹೊರಗೆ ಕಳಿಸುವ ಹೊತ್ತಾಯಿತು ಅಂತ ಲೆಕ್ಕ. ಇವತ್ತಿಗೂ ಕಲ್ಯಾಣಿ ರಾಗ ಕೇಳಿದರೆ ಅಮ್ಮ ಅದನ್ನು ಗುರುತು ಹಿಡಿಯುತ್ತಾಳೆ. ಆದರೆ ಹಾಡುವವರ ಮುಖ ಒಂದು ಸಲವೂ ನೋಡಿದವಳಲ್ಲ. ಈ ದೃಶ್ಯಕ್ಕೆ ನಾನು ಅನುವಾದ ಮಾಡಲಿಲ್ಲ. ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಇನ್ನು ತಕರಾರುಗಳು. ಮೊದಲನೆಯದಾಗಿ, ಜನ ಜಾಸ್ತಿ. ಮೂವತ್ತಕ್ಕೂ ಹೆಚ್ಚು ಪಾತ್ರ. ಮೊದಲ 40 ನಿಮಿಷ ಯಾರು ಯಾರ ಹೆಂಡತಿ, ಯಾರು ಯಾರ ಆಳು ಅಂತ ತಿಳಿಯುವುದಿಲ್ಲ. ನಾನು ಜೆರಾಕ್ಸ್ ಹಾಳೆಯ ಹಿಂದೆ ಪಟ್ಟಿ ಬರೆದುಕೊಂಡೆ, ನೀವೂ ಬರೆದುಕೊಳ್ಳಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಇದು ಆಲ್ಟ್‌ಮನ್ ಬೇಕೆಂದೇ ಮಾಡಿದ್ದು. ನಟರಿಗೆಲ್ಲ ಬೇರೆ ಬೇರೆ ಮೈಕು, ಎರಡು ಕ್ಯಾಮೆರಾ ಸದಾ ಮೆಲ್ಲಗೆ ಚಲಿಸುತ್ತಾ ಇರುತ್ತವೆ. ಹಾಗಾಗಿ ಮದುವೆ ಮನೆಯಲ್ಲಿ ಕಂಬದ ಮರೆಗೆ ನಿಂತು ಕೇಳಿಸಿಕೊಂಡ ಹಾಗಿರುತ್ತದೆ. ಕೇಳಲು ಮಜಾ, ಆದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳದೆ ನೋಡಬೇಡಿ. ಸ್ಟೀಫನ್ ಫ್ರೈ ಅವರ ಇನ್ಸ್‌ಪೆಕ್ಟರ್ ನನಗೆ ಒಗ್ಗಲಿಲ್ಲ. ಬೇರೆ ಯಾವುದೋ ಕಾಮಿಡಿ ಸಿನಿಮಾದಿಂದ ದಾರಿ ತಪ್ಪಿ ಬಂದವನ ಹಾಗಿದ್ದಾನೆ. ಎಲ್ಲರೂ ಇಷ್ಟು ನಿಜವಾಗಿರುವಾಗ ಅವನೊಬ್ಬ ಗೊಂಬೆ.

ಇದೇ ಫೆಲೋಸ್ ಆಮೇಲೆ 2010ರಲ್ಲಿ 'ಡೌನ್ಟನ್ ಆಬಿ' ಸೀರಿಯಲ್ ಶುರು ಮಾಡಿದರು. ಮ್ಯಾಗಿ ಸ್ಮಿತ್ ಅಲ್ಲೂ ಇದ್ದಾರೆ. ಅದನ್ನೂ ಪೂರ್ತಿ ನೋಡಿದ್ದೇನೆ, ಬೇಜಾರಾಗಲಿಲ್ಲ. ಆದರೆ ಅಲ್ಲಿ ಯಜಮಾನರೆಲ್ಲ ಬಂಗಾರದಂಥವರು. ಅಡುಗೆಯವಳಿಗೆ ಕಣ್ಣು ಮಂಜಾದರೆ ಆಪರೇಷನ್ ಮಾಡಿಸುತ್ತಾರೆ. ಪಾಯಸಕ್ಕೆ ಬೆಲ್ಲ ಜಾಸ್ತಿ ಬಿದ್ದ ಹಾಗೆ. ಇಲ್ಲಿ ಆಲ್ಟ್‌ಮನ್ ಹೊರಗಿನವರು ಅಲ್ವಾ, ಆ ಬಂಗಲೆಯ ಮೇಲೆ ಅವರಿಗೆ ಮಮಕಾರ ಇಲ್ಲ. ಅದೇ ಒಳ್ಳೆಯದಾಯಿತು.

ಡಿಸ್ಕಿನಲ್ಲಿ ಸಿನಿಮಾ ಅಲ್ಲದೆ ಇನ್ನೂ ಸಾಮಾನಿದೆ. ನಿರ್ದೇಶಕರು, ಚಿತ್ರಕತೆ ಬರೆದವರು ಮಾತಾಡುತ್ತಾ ಹೋಗುವ ಎರಡು ಬೇರೆ ಬೇರೆ ಧ್ವನಿಪಥ ಇವೆ. ಕೈಬಿಟ್ಟ ದೃಶ್ಯಗಳಿವೆ. ನನಗೆ ದುಡ್ಡು ವಸೂಲಾಗಿದ್ದು ಸಿನಿಮಾ ಎಷ್ಟು ನಿಜ ಅನ್ನುವುದರ ಬಗ್ಗೆ ಇರುವ ಸಣ್ಣ ಚಿತ್ರದಿಂದ. ಆರ್ಥರ್ ಇಂಚ್ ಅನ್ನುವ ನಿವೃತ್ತ ಬಟ್ಲರ್, ರೂತ್ ಮಾಟ್ ಅನ್ನುವ ಅಡುಗೆಯವರು, ವಯಲೆಟ್ ಲಿಡ್ಲ್ ಅನ್ನುವ ಹಳೇ ಮೇಡ್, ಮೂವರನ್ನೂ ಸಲಹೆಗೆ ಇಟ್ಟುಕೊಂಡಿದ್ದರು. ಆ ಕೆಲಸವನ್ನು ಕೈಯಾರೆ ಮಾಡಿದವರು ಅವರು. ಮೇಲಿನ ಅಂತಸ್ತನ್ನು ನಿಜವಾದ ಬಂಗಲೆಗಳಲ್ಲಿ ತೆಗೆದರು. ನೆಲಮಾಳಿಗೆಯನ್ನು ಮಾತ್ರ ಶೆಪರ್ಟನ್ ಸ್ಟುಡಿಯೋದಲ್ಲಿ ಸೆಟ್ ಹಾಕಿದರು. ಅಮ್ಮನಿಗೆ ಆ ಅಡುಗೆಮನೆ ಸೆಟ್ ಅಂದರೆ ನಂಬಿಕೆ ಬರಲಿಲ್ಲ. "ಮಸಿ ಎಲ್ಲಿ ಹತ್ತಬೇಕೋ ಅಲ್ಲೇ ಹತ್ತಿದೆಯಲ್ಲ" ಅಂದಳು.

ಹಳೇ ಕತೆ, ಇಂಗ್ಲೆಂಡಿನ ಕತೆ ಅನ್ನುವ ಹಾಗೂ ಇಲ್ಲ. ಹೋದ ವರ್ಷ ನೆಂಟರ ಅಪಾರ್ಟ್‌ಮೆಂಟಿಗೆ ಅಮ್ಮನನ್ನು ಮುಂದೆ ಕಳಿಸಿ ನಾನು ಸ್ಕೂಟರ್ ನಿಲ್ಲಿಸಲು ಹೋಗಿದ್ದೆ. ವಾಪಸ್ ಬಂದಾಗ ಅಮ್ಮ ಕಸದ ಡ್ರಮ್ಮುಗಳ ಪಕ್ಕದ ಲಿಫ್ಟಿನ ಮುಂದೆ ನಿಂತಿದ್ದಳು. ಕಾಟನ್ ಸೀರೆ, ಕೈಯಲ್ಲಿ ಬುಟ್ಟಿ ನೋಡಿ ಸೆಕ್ಯೂರಿಟಿ ಹುಡುಗ ಅಲ್ಲಿಗೆ ಕಳಿಸಿದ್ದ. ನನಗೆ ರೇಗಿತು. ಅಮ್ಮನಿಗೆ ಏನೂ ಅನ್ನಿಸಿರಲಿಲ್ಲ, ಅದೇ ಇನ್ನೂ ರೇಗಿಸಿತು. ನಮ್ಮ ರಾಜ್ಯದಲ್ಲಿ 2004ರಲ್ಲೇ ಮನೆಗೆಲಸದವರಿಗೂ ಕನಿಷ್ಠ ವೇತನ ಅಂತ ಗೊತ್ತು ಮಾಡಿದರು. ಅಮ್ಮ ಆಗಿನ್ನೂ ಡಾಕ್ಟರ ಮನೆಯಲ್ಲೇ ಇದ್ದಳು. ಆ ಸುದ್ದಿ ಹಿತ್ತಲ ಬಾಗಿಲವರೆಗೆ ಬರಲೇ ಇಲ್ಲ.

ಯಾರು ಕೊಂದಿದ್ದು ಅಂತ ಬೇಗ ಗೊತ್ತಾಗಬೇಕು ಅನ್ನುವವರಿಗೆ ಇದು ಬೇಡ, ತೂಕಡಿಕೆ ಬರುತ್ತದೆ. ಒಂದು ಸಲ ನೋಡಿ ಎಸೆಯುವವರಿಗೂ ಬೇಡ. ಎರಡನೇ ಸಲ ನೋಡಿದಾಗಲೇ ಇದರ ರುಚಿ. ಮೊದಲ ಸಲ ಮೇಜಿನ ಸುತ್ತ ಕೂತವರನ್ನು ನೋಡಿರುತ್ತೀರಿ. ಎರಡನೇ ಸಲ ಅವರ ಹಿಂದೆ ನಿಂತವರನ್ನು ನೋಡಿ. ಕೊಲೆಗಾರರ ಕೈ ನಿಮ್ಮ ಕಣ್ಣ ಮುಂದೆಯೇ ಓಡಾಡಿರುತ್ತದೆ. ಅಂಗಡಿಯಲ್ಲಿ ಸಿಕ್ಕಿದರೆ 200 ರೂಪಾಯಿವರೆಗೆ ಕೊಡಬಹುದು. ಅದಕ್ಕಿಂತ ಜಾಸ್ತಿ ಕೇಳಿದರೆ ಗೀರು ತೋರಿಸಿ.

ನನ್ನ ಡಿಸ್ಕ್ ಬೇಕು ಅನ್ನುವವರು ಇನ್ನೊಂದು ವಾರ ಕಾಯಬೇಕು. ನಿನ್ನೆ ಮತ್ತೆ 2 ಕೆಜಿ ಅವರೆಕಾಯಿ ಬಂದಿದೆ. ಅಮ್ಮ ಕಾಳು ನೆನೆಹಾಕಿ, "ಆ ಹಾಡು ಹೇಳ್ತಾನಲ್ಲ, ಅಲ್ಲಿಂದ ಹಾಕು" ಅಂದಳು. ಹಾಕಿದೆ. ಪ್ಲೇಯರಿಗೆ ಒಂದು ಏಟು ಹಾಕಬೇಕಾಯಿತು.